ಅಸದುಲ್ಲಾ ಎಣಿಸಿದ ನಲವತ್ತು

೧೪-೭-೨೦೨೪, ಭಾನುವಾರ

ಆ ಸಿನಿಮಾ ನೋಡಬಾರದಿತ್ತು.

ಮಧ್ಯಾಹ್ನ ತಂಗಿ ಮಗಳು ಸೌಮ್ಯ ಮೊಬೈಲಿನಲ್ಲಿ ಹಳೆಯ ಕುಂಗ್ ಫೂ ಚಿತ್ರ ಹಾಕಿದ್ದಳು. ಬೋಳುತಲೆಯ ಸನ್ಯಾಸಿಯೊಬ್ಬ ಕುದಿಯುವ ಕೊಪ್ಪರಿಗೆಗೆ ಕೈ ಅದ್ದಿದ. ಊಟಕ್ಕೆ ಬಂದಿದ್ದ ಗೆಳೆಯ ಅಸದುಲ್ಲಾ ಕುಣಿದಾಡಿಬಿಟ್ಟ.

"ನಿಮ್ಮಾವ ಇದನ್ನ ಮಾಡವ್ನೆ ಕಣಮ್ಮ! ರೇಷ್ಮೆಗೂಡು ಬೇಯ್ಸೋ ನೀರಲ್ಲಿ ನೂರು ಎಣಿಸೋಗಂಟ ಕೈ ಇಟ್ಟಿದ್ದ. ನಾನು ನಲವತ್ತಕ್ಕೇ ಸೋತೋದೆ."

ನಾನು ಇಟ್ಟೇ ಇರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ, ಕನಕಪುರದ ಟೆಂಟಿನಲ್ಲಿ ಅಂಥದ್ದೇ ಚಿತ್ರ ನೋಡಿ ಬಂದು ಬಿಟ್ಟ ಬುರುಡೆ ಅದು. ಬುರುಡೆಯಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲೇ ಇಲ್ಲ. ಅವನು ನಂಬಿ ಕೈ ಇಟ್ಟ. ಬೆರಳ ತುದಿಗಳು ಬೆಂದು ಸ್ಪರ್ಶವೇ ಹೋಯಿತು. ಗೂಡಿನ ಎಳೆ ಬೆರಳಿಗೆ ಸಿಗದೆ, ನೂಲು ಬಿಚ್ಚುವ ಅಪ್ಪನ ಕಸುಬು ಬಿಟ್ಟ.

"ಎಲ್ಲಿ, ಕೈ ತೋರ್ಸು ಮಾವ," ಅಂದಳು ಸೌಮ್ಯ. "ಒಂದು ಕಲೆನೂ ಇಲ್ವಲ್ಲ!"

ಇವತ್ತಾದರೂ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಸದುಲ್ಲಾ ನನ್ನ ಅಂಗೈಯನ್ನು ಮೆಲ್ಲಗೆ ಸವರಿದ.

"ಅದ್ಕೇ ಕಣಮ್ಮ ಇವ್ನು ಗುರು!"

ಬಾಯಿ ಮುಚ್ಚಿಕೊಂಡೆ. ಸವರಿದ್ದು ಅವನ ಬೆರಳಿಗೆ ಗೊತ್ತೂ ಆಗಿರಲಾರದು. ನನ್ನ ಅಂಗೈಗೆ ಮಾತ್ರ ಇನ್ನೂ ಗೊತ್ತಾಗುತ್ತಲೇ ಇದೆ.