ಎಲೆಕೋಸು ಎಸೆಯದ ಮುದುಕಿ

ಹಾಲಿವುಡ್,
೮ ಮಾರ್ಚ್ ೧೯೩೮, ಮಂಗಳವಾರ

ಜುಜಾನಾ ಅಕ್ಕನಿಗೆ, ಜಗತ್ಪ್ರಸಿದ್ಧ ಅನಾಥನಾದ ನಿನ್ನ ತಮ್ಮ ಓಂಡ್ರೆ ಮಾಡುವ ನಮಸ್ಕಾರಗಳು.

ನಿನ್ನ ತಂತಿ ತಲುಪಿತು. “ಅಮ್ಮ ಹೋದಳು. ಗುರುವಾರ ಮಣ್ಣು. ಕ್ಯಾಲಿಫೋರ್ನಿಯಾದಲ್ಲಿ ಏನಾಯಿತೆಂದು ಕೊನೆವರೆಗೂ ಬಾಯಿ ಬಿಡಲಿಲ್ಲ. ನೀನಾದರೂ ಬಿಡು.” ತಂತಿಯಲ್ಲೂ ಗದರಿಸಬಲ್ಲವಳು ಪೆನ್ಸಿಲ್ವೇನಿಯಾದಲ್ಲೇ ನೀನೊಬ್ಬಳು.

ಅದನ್ನು ಹಿಡಿದುಕೊಂಡು ಸ್ಟುಡಿಯೋದ ಪ್ರಚಾರಾಧಿಕಾರಿ ಪ್ರಿಂಗಲ್ ಸಾಹೇಬರ ಮುಂದೆ ನಿಂತೆ. ನನ್ನನ್ನು ಹೆತ್ತವಳು ಅಮ್ಮನಾದರೂ ನಾಯಕನಟ ಜೂಲಿಯನ್ ಹಾರ್ಕೋರ್ಟನನ್ನು ಹೆತ್ತವರು ಅವರೇ. ಹನ್ನೆರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಕಾಫಿ ಆರುವುದರೊಳಗೆ, ಕಲ್ಲಿದ್ದಲು ಗಣಿಯ ಹುಡುಗನಾದ ನನ್ನನ್ನು ಪೇಪರಿನವರಿಗಾಗಿ ಆ ಹೆಸರಿನ ಇಂಗ್ಲೆಂಡಿನ ಜಹಗೀರುದಾರನ ಮಗನನ್ನಾಗಿ ಮಾಡಿ, ಅಪ್ಪನನ್ನು ಯುದ್ಧಕ್ಕೂ ಅಮ್ಮನನ್ನು ಸಮುದ್ರಕ್ಕೂ ಅರ್ಪಿಸಿ ಕೈತೊಳೆದುಕೊಂಡಿದ್ದರು. ಸಾಹೇಬರು ತಂತಿ ಓದಿ, ಕನ್ನಡಕ ಒರೆಸಿಕೊಂಡು, ನಿಜವಾದ ಮರುಕದಿಂದಲೇ ಹೇಳಿದರು: “ನೋಡಪ್ಪಾ, ಯಾರಿಗಾದ್ರೂ ಅಮ್ಮ ಸಾಯೋದು ಒಂದೇ ಸಲ. ನಿಮ್ಮಮ್ಮ ಹಡಗಿನ ಜೊತೆ ಮುಳುಗಿ ಆಗಿದೆ. ಈಗ ಮತ್ತೆ ಸತ್ರೆ ಪೇಪರಿನವರಿಗೆ ನಾನೇನು ಹೇಳ್ಲಿ?”

ಹಾಗಾಗಿ ಗುರುವಾರದೊಳಗೆ ವಿಮಾನದ ಅಂಚೆಯಲ್ಲಿ ಈ ಕಾಗದ ಬರುತ್ತದೆ, ನಾನು ಬರುವುದಿಲ್ಲ. ಬೈದುಕೋ, ಇಲ್ಲಿಯವರೆಗೆ ಕೇಳಿಸುತ್ತದೆ.

ಇನ್ನು ಅಮ್ಮನ ವಿಷಯ. ಅವಳು ಬರೆದ ಕಾಗದಗಳೆಲ್ಲ ಅಭಿಮಾನಿಗಳ ವಿಭಾಗಕ್ಕೆ ಹೋಗಿ, ಪ್ರತಿಯೊಂದಕ್ಕೂ ಸಹಿ ಹಾಕಿದ ನನ್ನ ಫೋಟೋ ಊರಿಗೆ ಬಂದದ್ದು ನಿನಗೆ ಗೊತ್ತೇ ಇದೆ. ಆ ಸಹಿ ಕೂಡ ನನ್ನದಲ್ಲ, ಡೋರಾ ಎಂಬ ಗುಮಾಸ್ತೆಯದು. ಫೋಟೋಗಳು ಸಾಕೆನಿಸಿ ಅಮ್ಮ ಅಕ್ಟೋಬರಿನಲ್ಲಿ ತಾನೇ ರೈಲು ಹತ್ತಿಬಿಟ್ಟಳು. ಅಮ್ಮ ಎಂದರೆ ಗೇಟಿನವರು ಬಿಡುವುದಿಲ್ಲವೆಂದು ಹೇಗೋ ತಿಳಿದುಕೊಂಡು, ಗುಂಪಿನ ದೃಶ್ಯಕ್ಕೆ ಆಳುಗಳನ್ನು ಆರಿಸುವ ಸಾಲಿನಲ್ಲಿ ಹೋಗಿ ನಿಂತಳು. ಅವತ್ತು ಬೇಕಾಗಿದ್ದವರು ಪ್ಯಾರಿಸ್ಸಿನ ಬಡವರು. ಉಡುಪಿನ ವಿಭಾಗದಾಕೆ ಅಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಇವರಿಗೇನೂ ಹಾಕೋದು ಬೇಡ, ಹೀಗೇ ಇರಲಿ” ಎಂದಳಂತೆ.

ಚಿತ್ರದಲ್ಲಿ ನಾನು ಕ್ರಾಂತಿಯ ಕಾಲದ ಫ್ರಾನ್ಸಿನ ಸಿರಿವಂತ. ತಲೆ ಕಡಿಸಿಕೊಳ್ಳಲು ಗಾಡಿಯಲ್ಲಿ ಹೊರಟಿದ್ದೇನೆ. ಬೀದಿಯ ಬಡವರು ನನ್ನನ್ನು ಬೈಯುತ್ತ ಎಲೆಕೋಸು ಎಸೆಯಬೇಕು. ಕೈ ಹಿಂದಕ್ಕೆ ಕಟ್ಟಿಸಿಕೊಂಡು, ಗಲ್ಲ ಎತ್ತಿಕೊಂಡು ಬರುತ್ತಿದ್ದವನು ನೋಡುತ್ತೇನೆ: ಎಲ್ಲರೂ ಎಸೆಯುತ್ತಿದ್ದಾರೆ, ಒಬ್ಬಳು ಮಾತ್ರ ಕೋಸನ್ನು ಎದೆಗೆ ಅವುಚಿಕೊಂಡು ನಿಂತಿದ್ದಾಳೆ.

ಕ್ಯಾಮೆರಾ ನಿಂತಿತು. ಸಹಾಯಕ ನಿರ್ದೇಶಕ ನಾರ್ಟನ್ ಓಡಿಬಂದ. “ಏನಜ್ಜೀ, ಎಸೀ ಅಂದ್ರೆ ಕೂಸಿನ ಥರ ಅಪ್ಕೊಂಡಿದ್ದೀಯಲ್ಲ! ಅದೇನು ಸೂಪಿಗೆ ಕೊಟ್ಟಿದ್ದಾ?”

“ಅವನು ನನ್ನ ಮಗ,” ಎಂದಳು ಅಮ್ಮ, ತನ್ನ ಮುರುಕು ಇಂಗ್ಲಿಷಿನಲ್ಲಿ. “ಹೆಂಗಪ್ಪಾ ಎಸೀಲಿ?”

ಇಡೀ ಪ್ಯಾರಿಸ್ ನಕ್ಕಿತು. “ಹೋದ ವಾರ ಇವರ ಹೆಂಡ್ತೀರು ಅಂತ ಮೂರು ಜನ ಬಂದಿದ್ರು. ಅಮ್ಮ ಅಂತ ಬಂದೋಳು ನೀನೇ ಮೊದಲು!” ಎಂದ ನಾರ್ಟನ್. ಆಮೇಲೆ ನನ್ನ ಕಡೆ ತಿರುಗಿ, “ಸಾರ್, ಈ ಅಜ್ಜಿ ನಿಮಗೆ ಗೊತ್ತಾ?” ಎಂದ. ಕ್ಯಾಮೆರಾ ಪಕ್ಕದಲ್ಲಿ ಪ್ರಿಂಗಲ್ ಸಾಹೇಬರು ಒಬ್ಬ ಪತ್ರಕರ್ತೆಯನ್ನು ಕೂರಿಸಿಕೊಂಡಿದ್ದರು. ಆಕೆಯ ಪೆನ್ಸಿಲ್ ಗಾಳಿಯಲ್ಲೇ ನಿಂತಿತು.

ನಾನು ಬಾಯಿ ತೆರೆಯುವುದರೊಳಗೆ, ಬಿಸಿಲು ಹೋಗುತ್ತಿದೆಯೆಂದು ನಿರ್ದೇಶಕರು ಕೂಗಾಡಿದರು. ಆ ಗದ್ದಲದಲ್ಲಿ ಅವಳನ್ನು ಯಾರೋ ಹೊರಗೆ ಕಳಿಸಿಬಿಟ್ಟರು. ನಾನು ಹಗ್ಗ ಬಿಚ್ಚಿಸಿಕೊಂಡು ಗೇಟಿಗೆ ಓಡುವ ಹೊತ್ತಿಗೆ ಅವಳು ಹೋಗಿಯಾಗಿತ್ತು. ನಡೆದದ್ದು ಇಷ್ಟೇ ಅಕ್ಕಾ.

ಊರಿಗೆ ಮರಳಿ ಅವಳು ಒಂದೇ ಮಾತು ಹೇಳಿದಳೆಂದು ಆಗ ಬರೆದಿದ್ದೆಯಲ್ಲ: “ಹುಡುಗ ಸೊರಗಿದ್ದಾನೆ. ಆದ್ರೆ ಕೆಲಸ ಚೆನ್ನಾಗಿ ಮಾಡ್ತಾನೆ.” ಡೋರಾಳ ಕೈತಪ್ಪಿ ನನಗೆ ಸಿಕ್ಕ ಆ ಒಂದು ಕಾಗದ ನನ್ನ ಕೋಟಿನಲ್ಲಿದೆ. ಕೋಟು ಸ್ಟುಡಿಯೋದ್ದು, ಕಾಗದ ನನ್ನದು.

ಗುರುವಾರ ನನ್ನ ಪಾಲಿನ ಹಿಡಿ ಮಣ್ಣನ್ನೂ ನೀನೇ ಹಾಕು.

ನಿನ್ನ ತಮ್ಮ,
ಓಂಡ್ರೆ
(ಈ ಸಹಿ ನಾನೇ ಹಾಕಿದ್ದು)

ತಾ.ಕ.: ಈಸ್ಟರ್ ಹೊತ್ತಿಗೆ ಆ ಚಿತ್ರ ನಿಮ್ಮೂರಿಗೆ ಬರುತ್ತದೆ. ಬೇಡವೆಂದರೂ ನೀನು ನೋಡುತ್ತೀಯ; ಆದ್ದರಿಂದ ನಾನೇ ಹೇಳಿಬಿಡುವುದು ವಾಸಿ. ಅವಳನ್ನು ಯಾರೂ ಹೊರಗೆ ಕಳಿಸಲಿಲ್ಲ. ನಾನು ಯಾವ ಗೇಟಿಗೂ ಓಡಲಿಲ್ಲ. ನಾರ್ಟನ್ ಕೇಳಿದಾಗ ಜಹಗೀರುದಾರನ ದನಿಯಲ್ಲೇ ಅಂದೆ: “ಗೊತ್ತಿಲ್ಲಪ್ಪ. ಎಸೆಯೋಕೆ ಬರೋರನ್ನ ಯಾರನ್ನಾದ್ರೂ ನಿಲ್ಲಿಸಿ.” ಅಮ್ಮ ನಾಲ್ಕು ಅಡಿ ದೂರದಲ್ಲಿದ್ದಳು. ನನ್ನನ್ನೇ ಒಂದು ಗಳಿಗೆ ನೋಡಿ, ನಾರ್ಟನ್‌ಗೆ, “ನಂಗೆ ಬರತ್ತಪ್ಪಾ, ಎಸೀತೀನಿ” ಎಂದಳು. ಮರಳಿ ಗಾಡಿ ಬಂದಾಗ ಎಲ್ಲರ ಜೊತೆ ಕೂಗಿ, ಎಸೆದಳು. ನೇರ ಎದೆಗೆ ಬಿತ್ತು. ಚಿತ್ರದಲ್ಲಿರುವುದು ಅದೇ. ನನ್ನ ಕಣ್ಣಿನ ನೀರು ನೋಡಿದವರೆಲ್ಲ, ಹಾರ್ಕೋರ್ಟ್ ಇಂಥ ಅಭಿನಯ ಎಂದೂ ಮಾಡಿರಲಿಲ್ಲ ಎನ್ನುತ್ತಿದ್ದಾರೆ.

ಆ ದೃಶ್ಯದಲ್ಲಿ ತೆರೆಯ ಎಡಗಡೆ ಮೂಲೆ ನೋಡು. ತಲೆಗೆ ನೀನು ಹೊಲಿದ ವಸ್ತ್ರ ಕಟ್ಟಿಕೊಂಡಿದ್ದಾಳೆ. ಅವಳ ಕೈ ನೋಡು. ಎಸೆಯುವ ಮೊದಲು, ನನಗೆ ಪೆಟ್ಟಾಗದಿರಲೆಂದು, ಕೋಸಿನ ಬುಡದ ಗಟ್ಟಿ ದಂಟನ್ನು ಮುರಿದು ಕೆಳಗೆ ಹಾಕುತ್ತಾಳೆ.