ಅಮ್ಮನ ಕಾರು ಸ್ಟಾರ್ಟ್ ಆಯಿತು

ಮೂಸ್ ಜಾ, ಮಾರ್ಚ್ ೯

ತಮ್ಮಾ ವೆಂಡೆಲ್,

ನೀನು ತೀರಿಕೊಂಡು ಐದು ತಿಂಗಳಾದ ಮೇಲೆ, ಇವತ್ತು ಅಮ್ಮನ ಕಾರಿನ ಬಾನೆಟ್ ಎತ್ತಿದೆ. ಇಂಜಿನ್‌ಗೆ ಮತ್ತೆ ಪೆಟ್ರೋಲ್ ವಿಪರೀತ ನುಗ್ಗಿತ್ತು. ಬಿಚ್ಚಿದ ಸ್ಪಾರ್ಕ್ ಪ್ಲಗ್ಗುಗಳೆಲ್ಲ ಒದ್ದೆ. ಪಕ್ಕದ ಮನೆಯ ಆರ್ಲೊ, ಪೆಟ್ರೋಲಿನ ಒತ್ತಡ ಹಿಡಿತದಲ್ಲಿಡುವ ಪ್ರೆಶರ್ ರೆಗ್ಯುಲೇಟರಿನ ಸಣ್ಣ ರಬ್ಬರ್ ಕೊಳವೆ ಎಳೆದು ತೆಗೆದ. ಅದರಿಂದ ಪೆಟ್ರೋಲ್ ತೊಟ್ಟಿಕ್ಕಿತು.

"ಗಾಳಿ ಇರ್ಬೇಕಾದ ಕಡೆ ಪೆಟ್ರೋಲ್ ಇದೆ ನೋಡು ಲೊರೇನ್! ರೆಗ್ಯುಲೇಟರ್ ಒಳಗೇ ತೂತಾಗಿದೆ. ಇದನ್ನ ಯಾರೂ ಹೇಳಿರ್ಲಿಲ್ವಾ?"

ನೀನು ಹೇಳಿದ್ದೆ. "ಕುಡುಕನ ಮಾತು ಯಾರು ಕೇಳ್ತಾರೆ, ಕೈ ತೆಗಿ" ಎಂದು ನಿನ್ನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡವಳು ನಾನು.

ಹೊಸ ರೆಗ್ಯುಲೇಟರ್ ತಂದು ಹಾಕಿ, ಪ್ಲಗ್ ಒರೆಸಿ, ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಸದ್ದು ಕೇಳಿ ಅಮ್ಮ ಬಾಗಿಲಿಗೆ ಬಂದಳು. ಅವಳಿಗೀಗ ಮರೆವು ಹೆಚ್ಚಾಗಿದೆ.

"ವೆಂಡೆಲ್ ಸರಿಮಾಡಿದ್ನಾ?"

"ಹೂಂ ಅಮ್ಮ. ಏನಾಗಿದೆ ಅಂತ ಕಂಡುಹಿಡಿದವನು ಅವನೇ."