ಮುತ್ತುಗದೆಲೆಯ ಮೂರು ಪೊಟ್ಟಣ

ಗುಂಡ್ಲುಪೇಟೆ, ೧೧-೬-೧೯೫೬, ಸೋಮವಾರ ರಾತ್ರಿ

ಊಟ ಸೇರಲಿಲ್ಲ. ಅಣ್ಣನ ಮಗಳು ಮಂಗಳಗೌರಿ ಮೈಸೂರಿಗೆ ಓದಲು ಹೋಗಬೇಕೋ, ಮದುವೆಯಾಗಬೇಕೋ ಎಂದು ಇವತ್ತು ದೇವರ ಮುಂದೆ ಹೂ ಕೇಳಿದೆವು. ನನ್ನ ಹೆಂಡತಿ ಮೂರು ಪೊಟ್ಟಣ ಕಟ್ಟಿದಳು. ಒಂದರಲ್ಲಿ ಕೆಂಪು ಕಣಗಿಲೆ, ಸಿಕ್ಕರೆ ಓದು. ಎರಡರಲ್ಲಿ ಬಿಳಿ. ಹುಡುಗಿ ಒಂದನ್ನು ಮುಟ್ಟಿದಳು. ಮನೆಯ ಪದ್ಧತಿಯಂತೆ ಹೆಂಡತಿ ಉಳಿದೆರಡರಲ್ಲಿ ಬಿಳಿಯದೊಂದನ್ನು ತಿಳಿದೇ ಬಿಚ್ಚಿ ತೋರಿಸಿ, "ಬದ್ಲಾಯಿಸ್ತೀಯಾ ಕಣಮ್ಮಿ?" ಎಂದಳು.

"ಊಂ. ಅದ್ರಲ್ಲೇ ಕೆಂಪು ಇರೋದು ಜಾಸ್ತಿ."

ನಾನು ಸುಮ್ಮನಿರಬೇಕಿತ್ತು. ನಮ್ಮೂರ ಸ್ಕೂಲಿನಲ್ಲಿ ಲೆಕ್ಕಕ್ಕೆ ನನ್ನನ್ನು ಮೀರಿಸಿದವರಿಲ್ಲ. "ಯಾವ ಮೇಷ್ಟ್ರು ಹೇಳ್ಕೊಟ್ರಮ್ಮಿ ಇದ್ನ? ಉಳ್ದಿರೋದು ಎರಡು, ಸಮಸಮ. ಮುಟ್ಟಿದ್ದ ಬುಡಬ್ಯಾಡ" ಎಂದೆ. ಎಲ್ಲರೂ ನಕ್ಕರು. ಅವಳು ಕೈ ಹಿಂದಕ್ಕೆಳೆದುಕೊಂಡಳು. ಬಿಚ್ಚಿದರೆ ಬಿಳಿ.

ಅವಳ ಮಾತು ಸುಳ್ಳೆಂದು ತೋರಿಸಲು ಸಂಜೆ ಮೂರು ಲೋಟದಡಿ ಒಂದು ಅಡಕೆ ಇಡಿಸಿ ಹೆಂಡತಿಯೊಡನೆ ಅದೇ ಪದ್ಧತಿಯಲ್ಲಿ ಹಲವು ಸಲ ಆಡಿದೆ. ಬದಲಾಯಿಸಿದಾಗಲೇ ಹೆಚ್ಚು ಸಲ ಅಡಕೆ ಸಿಕ್ಕಿತು. ಮೊದಲು ಮುಟ್ಟುವಾಗ ತಪ್ಪುವುದೇ ಹೆಚ್ಚು. ತಪ್ಪಿದ್ದರೆ ಕೆಂಪು ಆ ಇನ್ನೊಂದರಲ್ಲೇ. ಇಷ್ಟೇ ಲೆಕ್ಕ.

ಬಡಿಸುವಾಗ ಮಂಗಳಗೌರಿಯೇ ನನಗೆ ಸಮಾಧಾನ ಹೇಳಿದಳು. "ಬುಡು ಚಿಕ್ಕಪ್ಪ, ದೇವ್ರು ಕೊಟ್ಟಿದ್ದು."

ಕೊಟ್ಟಿದ್ದು ನಾನು. ಬೆಳಿಗ್ಗೆ ಅಣ್ಣ ಚಾಮರಾಜನಗರದ ಗಂಡಿನ ಮನೆಗೆ ಒಪ್ಪಿಗೆ ಹೇಳಲು ಬಸ್ಸು ಹತ್ತುತ್ತಾನೆ. ಅದಕ್ಕೆ ಮುಂಚೆ ಎದ್ದು, ಎಲ್ಲರೆದುರು, ನನಗೆ ಲೆಕ್ಕ ಬರುವುದಿಲ್ಲವೆಂದು ನಾನು ಒಪ್ಪಿಕೊಳ್ಳಬೇಕು.